ಸರಿಜೋಡಿ

2019ರಲ್ಲಿ ಖಾಸಬಾಗದ ನಮ್ಮ ನೆರೆಯ ನೇಕಾರರೊಬ್ಬರು ಸೀರೆಯ ಸೆರಗಿನ ನಕ್ಷೆಗಳನ್ನು ಬಿಡಿಸುವುದಕ್ಕೆಂದು ಗಣಕಯಂತ್ರವೊಂದನ್ನು ಕೊಂಡರು. ಹಳೆಯದಕ್ಕಿಂತ ವೇಗವು ಅಧಿಕ, ಬೆಲೆಯು ಅಲ್ಪ. ಇದೆಂತೆಂದು ವಿಚಾರಿಸಲು, ಜೊತೆಗೆ ಹೋಗಿ ಆರಿಸಿಕೊಟ್ಟಿದ್ದ ನನ್ನ ಮೊಮ್ಮಗನು ವಿವರಿಸಿದನು.

ಯಂತ್ರದ ಮಿದುಳಾದ ಚಿಪ್ಪನ್ನು ನಿರ್ಮಿಸುವವರಲ್ಲಿ ಅಮೇರಿಕೆಯ ಇಂಟೆಲ್, ಎಎಂಡಿ ಎಂಬ ಎರಡು ಕಂಪನಿಗಳು ಪ್ರಮುಖವಾದವು. ಎಎಂಡಿಯು ಸೊರಗಿದ್ದ ಕಾಲದಲ್ಲಿ ಇಂಟೆಲ್ ಗೃಹಸ್ಥರ ಚಿಪ್ಪಿನಲ್ಲಿ, ಏಕಕಾಲಕ್ಕೆ ಬೇರೆಬೇರೆ ಗಣನೆ ನಡೆಸುವ ಕೋರುಗಳನ್ನು 4ಕ್ಕಿಂತ ಹೆಚ್ಚಿಸಲಿಲ್ಲ. 8 ಕೋರು ಬೇಕೆಂದವರು ಸಾವಿರ ಡಾಲರಿಗೂ ಮಿಕ್ಕಿ ತೆರಬೇಕಾಗಿತ್ತು. 2017ರ ಮಾರ್ಚದಲ್ಲಿ ಎಎಂಡಿಯು 8 ಕೋರಿನ ರೈಝನ್ ಚಿಪ್ಪನ್ನು 499 ಡಾಲರಿಗೇ ಮಾರತೊಡಗಿತು. ಅದೇ ವರ್ಷ ಇಂಟೆಲ್ 6 ಕೋರುಗಳನ್ನೂ ಮರುವರ್ಷ 8 ಕೋರುಗಳನ್ನೂ ಸಾಮಾನ್ಯರಿಗೆ ಕೊಟ್ಟಿತು.

ನಾನು ಸ್ಪರ್ಧೆಯನ್ನು ಕೊಂಡಾಡುತ್ತಿರಲು ನೇಕಾರರು, “ಸೂರತಿನ ಸೋವಿ ಸೀರೀನೂ ಕೊಳ್ಳಾವರಿಗೆ ಲಾಭಾನ ಅಲ್ಲೇನ್ರಿ, ಮಾಸ್ತರ್ರ?” ಎಂದರು. ನಾನು ನಿರುತ್ತರನಾದೆನು, ಆ ದೀಪಾವಳಿಗೆ ಸೊಸೆಗೆ ತಂದ ಸೀರೆಯೂ ಸೂರತಿನದೇ ಆಗಿತ್ತು.

ಸರಿಜೋಡಿಯ ಕುಸ್ತಿಯು ನೋಟಕರಿಗೆ ಹಬ್ಬವೆಂಬುದು ದಿಟ. ಆದರೆ ಸೂರತಿನ ಗಿರಣಿಗಳಿಗೆ ಖಾಸಬಾಗದ ಎರಡು ಮಗ್ಗಗಳನ್ನು ಜೋಡಿಮಾಡಿ ಅಖಾಡಕ್ಕಿಳಿಸಿದವರು, ಕೊಳ್ಳುವವರಾದ ನಾವೇ ಅಲ್ಲವೇ?