ಬ್ಯಾಟಲ್ ಕ್ರೀಕ್: ತೆರೆದ ಬಾಗಿಲು, ಮುಚ್ಚಿದ ಬಾಗಿಲು

ಡೆಟ್ರಾಯಿಟ್‌ನಿಂದ ಐ-94 ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೊರಟರೆ ಸುಮಾರು ಎರಡು ಗಂಟೆಯಲ್ಲಿ ಬ್ಯಾಟಲ್ ಕ್ರೀಕ್ ಸಿಗುತ್ತದೆ. ಷಿಕಾಗೋಗೆ ಹೋಗುವ ನಮ್ಮವರು ಇಲ್ಲಿ ಪೆಟ್ರೋಲು ಹಾಕಿಸಿಕೊಂಡು ಮುಂದಕ್ಕೆ ಸಾಗುತ್ತಾರೆ. ನನಗೆ ಇಲ್ಲೇ ಇಳಿಯಬೇಕಿತ್ತು. ಊರು ಹತ್ತಿರವಾದಾಗ ಗೆಳೆಯ ಕಾರಿನ ಕಿಟಕಿ ಇಳಿಸಿ, "ವಾಸನೆ ಬಂತೇನೋ?" ಅಂದ. ಬಂದಿತ್ತು. ಹುರಿದ ಧಾನ್ಯದ ಬೆಚ್ಚನೆಯ ಘಮ.

ಮೊದಲು ನೋಡಿದ್ದು ಇಲ್ಲಿಯವರು 'ಸ್ಯಾನ್' ಎನ್ನುವ ಹಳೆಯ ಆರೋಗ್ಯಧಾಮ. 1902ರಲ್ಲಿ ಸುಟ್ಟುಹೋಗಿ, ಮರುವರ್ಷವೇ ಮತ್ತೆ ಎದ್ದ ಭಾರಿ ಕಟ್ಟಡ. ಈಗ ಸರ್ಕಾರಿ ಕಚೇರಿಗಳಿವೆ. ಡಾಕ್ಟರ್ ಜಾನ್ ಹಾರ್ವೆ ಕೆಲಾಗ್ ಇಲ್ಲಿ ರೋಗಿಗಳಿಗೆ ಮಾಂಸ, ಕಾಫಿ ಎರಡನ್ನೂ ಬಿಡಿಸುತ್ತಿದ್ದರು. 1894ರಲ್ಲಿ ಅವರೂ ತಮ್ಮ ವಿಲ್ ಕೀತ್ ಕೆಲಾಗ್ ಅವರೂ ಬೇಯಿಸಿಟ್ಟು ಹಳಸಿದ ಗೋಧಿಯನ್ನು ರೋಲರುಗಳ ನಡುವೆ ಹಾಯಿಸಿದಾಗ ಒಂದೊಂದು ಕಾಳೂ ಒಂದೊಂದು ಎಸಳಾಗಿ ಉದುರಿತು. ಬೇಯಿಸು, ಒತ್ತು, ಹುರಿ: ಅವಲಕ್ಕಿ ಮಿಲ್ಲು ನೋಡಿ ಬೆಳೆದ ನನಗೆ ಇದರ ಒಳಗುಟ್ಟು ಬಿಡಿಸಿ ಹೇಳಬೇಕಿರಲಿಲ್ಲ.

ಅಣ್ಣ ಧಾರಾಳಿ. ತಯಾರಿಕೆಯನ್ನು ಯಾರು ಬೇಕಾದರೂ ನಿಂತು ನೋಡಲಿ ಎನ್ನುವವರು. ತಮ್ಮನಿಗೆ ಅದು ಸರಿಬರುತ್ತಿರಲಿಲ್ಲ. ಚಿಕಿತ್ಸೆಗೆಂದು ಬಂದಿದ್ದ ಸಿ.ಡಬ್ಲ್ಯು. ಪೋಸ್ಟ್ ಇದೇ ಊರಿನಲ್ಲಿ 1895ರಲ್ಲಿ ಕಾಫಿಯ ಬದಲಿಗೊಂದು ಧಾನ್ಯದ ಪೇಯ, ಆಮೇಲೆ ಗ್ರೇಪ್-ನಟ್ಸ್ ಮಾಡಿ ಮಾರಿ ದೊಡ್ಡ ಶ್ರೀಮಂತರಾದರು. ಅವರ ಬೆನ್ನಿಗೇ ಊರಿನ ತುಂಬ ಬೆಳಗಿನ ತಿಂಡಿಯ ಸೀರಿಯಲ್ ಕಂಪನಿಗಳೆದ್ದವು. ತಮ್ಮ ತನ್ನದೇ ಕಾರ್ನ್‌ಫ್ಲೇಕ್ಸ್ ಕಂಪನಿ ಕಟ್ಟಿದ್ದು 1906ರಲ್ಲಿ.

ಆಶ್ಚರ್ಯವೆಂದರೆ, ಆ ಕಂಪನಿಯೇ ದಶಕಗಳ ಕಾಲ ಜನರನ್ನು ಕಾರ್ಖಾನೆಯೊಳಗೆ ಕರೆದೊಯ್ದು ತೋರಿಸಿತು. ಶಾಲೆಯ ಮಕ್ಕಳು, ರಜೆಗೆ ಹೊರಟ ಕುಟುಂಬಗಳು, ಎಲ್ಲರೂ ಬಂದರು. ಯಂತ್ರದ ಸದ್ದು, ಒಲೆಯ ಕಾವು, ದುಡಿಯುವ ಜನ, ಎಲ್ಲ ಕಣ್ಣೆದುರಿಗೆ. 1986ರಲ್ಲಿ ಕಂಪನಿ ಆ ಬಾಗಿಲು ಹಾಕಿತು. ಎದುರಾಳಿ ಕಂಪನಿಗಳವರು ಪ್ರವಾಸಿಗರ ಸೋಗಿನಲ್ಲಿ ಬಂದು ಗುಟ್ಟು ಕದಿಯುತ್ತಾರೆಂಬ ಭಯ. ತಮ್ಮನ ಹಳೆಯ ಆತಂಕ ಕೊನೆಗೂ ಗೆದ್ದಿತು.

ಪ್ರವಾಸಿಗರು ಕಡಿಮೆಯಾದ ಪೇಟೆಗೆ ಮತ್ತೆ ಜೀವ ತುಂಬಲು 1998ರಲ್ಲಿ ವೆಸ್ಟ್ ಮಿಷಿಗನ್ ಅವೆನ್ಯೂದಲ್ಲಿ 'ಕೆಲಾಗ್ಸ್ ಸೀರಿಯಲ್ ಸಿಟಿ ಯು.ಎಸ್.ಎ.' ಎಂಬ ಪ್ರದರ್ಶನಕೇಂದ್ರ ತೆರೆಯಿತು. ಸೀರಿಯಲ್ ಡಬ್ಬಿಯ ಮೇಲಿನ ಟೋನಿ ಹುಲಿಯ ವೇಷ, ಕಾರ್ನ್‌ಫ್ಲೇಕ್ಸ್ ತಯಾರಿಕೆಯ ಮಾದರಿ ಸಾಲು, ಹಳೆಯ ಜಾಹೀರಾತುಗಳು, ನಮ್ಮದೇ ಮುಖ ಅಚ್ಚಾದ ಡಬ್ಬಿ. ಗೆಳೆಯ ಆಗ ಮಗಳನ್ನು ಕರೆದುಕೊಂಡು ಬಂದಿದ್ದನಂತೆ. ಅವಳ ನಗುಮುಖದ ಆ ಡಬ್ಬಿ ಇವತ್ತಿಗೂ ಅವರ ಅಡುಗೆಮನೆಯ ಕಪಾಟಿನ ಮೇಲಿದೆ. "ಮತ್ತೆ ಯಾಕೆ ಬರಲಿಲ್ಲ?" ಎಂದೆ. "ಒಂದು ಸಲ ನೋಡಿದ್ದಾಯ್ತು. ಎರಡನೇ ಸಲ ನೋಡೋಕೆ ಏನಿತ್ತು ಹೇಳು?"

ಅವನಂತೆಯೇ ಬಹಳ ಜನ ಯೋಚಿಸಿರಬೇಕು. ಬರುವವರು ವರ್ಷದಿಂದ ವರ್ಷಕ್ಕೆ ಇಳಿದರು, ನಷ್ಟ ಏರಿತು, 2007ರ ಆರಂಭದಲ್ಲಿ ಅದು ಮುಚ್ಚಿತು. ಒಂಬತ್ತು ವರ್ಷವೂ ತುಂಬಲಿಲ್ಲ. ಟಿಕೆಟ್ ದರ, ಊರಿನ ದೂರ ಎಂದೆಲ್ಲ ಕಾರಣ ಹುಡುಕಬಹುದು. ನನಗೆ ಕಾಣುವ ಕಾರಣ ಇನ್ನೂ ಸರಳ. ನಿಜವಾದ ಕಾರ್ಖಾನೆ ಅದೇ ಊರಿನಲ್ಲಿ ಹೊಗೆಯಾಡುತ್ತಿರುವಾಗ, ಅದರ ಘಮ ಬೀದಿಯಲ್ಲೆಲ್ಲ ಹರಡಿರುವಾಗ, ಅದರ ನಕಲಿಗೆ ಎಷ್ಟು ಸಲ ದುಡ್ಡು ಕೊಟ್ಟಾರು? ಜನ ನೋಡಬಯಸಿದ್ದು ಕೆಲಸವನ್ನು. ಅವರಿಗೆ ಸಿಕ್ಕಿದ್ದು ಜಾಹೀರಾತು.

ಅದೇ ಕಟ್ಟಡದಲ್ಲಿ ಈಗ ಸುತ್ತಲಿನ ಪ್ರೌಢಶಾಲೆಗಳ ಮಕ್ಕಳಿಗೆ ಗಣಿತ, ವಿಜ್ಞಾನ ಕಲಿಸುವ ಕೇಂದ್ರವಿದೆ. ಅದನ್ನು ಕಂಡು ನನಗೆ ನಿಜಕ್ಕೂ ಸಂತೋಷವಾಯಿತು.

ಆಮೇಲೆ ಓಕ್ ಹಿಲ್ ಸ್ಮಶಾನಕ್ಕೆ ಹೋದೆವು. ಕೆಲಾಗ್ ಸಹೋದರರೂ ಪೋಸ್ಟ್ ಅವರೂ ಇರುವುದು ಇಲ್ಲೇ. ವಿಲ್ ಕೆಲಾಗ್ ಸಮಾಧಿಯ ಬಳಿ ಒಂದು ನೆರಳುಗಡಿಯಾರ, ಅದರ ಮೇಲೆ ಹುಳುವನ್ನು ಎಳೆಯುತ್ತಿರುವ ಕಂಚಿನ ಹಕ್ಕಿ. ಬೇಗ ಎದ್ದವನಿಗೇ ಊಟ ಎಂದು ನಂಬಿದ್ದ ವ್ಯಾಪಾರಿಯ ಗುರುತು. ಅವರ ಕಂಪನಿ 2023ರಲ್ಲಿ ಎರಡು ಹೋಳಾಯಿತು. ಅಮೆರಿಕದ ಸೀರಿಯಲ್ ವ್ಯಾಪಾರದ ಭಾಗವನ್ನು 2025ರಲ್ಲಿ ಇಟಲಿಯ ಫೆರೆರೊ ಕೊಂಡಿತು. ಹೊಸ ಒಡೆಯರು ಕಾರ್ಖಾನೆಯ ಒಂದು ಗೋಡೆಗೆ ಗಾಜು ಹಾಕಿಸಿ, ಒಳಗಿನ ರೋಲರುಗಳು ಕಾಣುವಂತೆ ಮಾಡಿದರೆ ಸಾಕು. ಗೆಳೆಯ ಮಗಳನ್ನಷ್ಟೇ ಅಲ್ಲ, ಮೊಮ್ಮಕ್ಕಳನ್ನೂ ಕರೆದುಕೊಂಡು ಬರುತ್ತಾನೆ.