ಕಡಲ ಕಡೆಯ ಅರ್ಧ

ಮಾಗಡಿ ಸೀಮೆಯವರಾದ ನಮಗೆ ಊರೆಂದರೆ ದುಂಡಗಿರುವಂಥದ್ದು. ನಡುವೆ ಕೋಟೆಯೋ ಗುಡಿಯೋ ಸಂತೆಮಾಳವೋ, ಸುತ್ತ ಮನೆಗಳು, ಅದರಾಚೆ ಹೊಲ, ಗುಂಡುತೋಪು, ಕೆರೆ. ಬೆಂಗಳೂರು ಬೆಳೆದದ್ದೂ ಹಾಗೆಯೇ. 1537ರಲ್ಲಿ ಅದನ್ನು ಕಟ್ಟಿದ ಕೆಂಪೇಗೌಡರು ಐಕ್ಯರಾದದ್ದು ನಮ್ಮ ಕೆಂಪಾಪುರದಲ್ಲಿ. ಇಲ್ಲಿರುವುದು ಅವರ ಸಮಾಧಿಯೆಂದು ಹೊರನಾಡಿಗೆ ಗೊತ್ತಾದದ್ದು 2015ರಲ್ಲಿ, ಅದರ ಮೇಲಿನ ಬರಹವನ್ನು ಓದಿದ ಮೇಲೆ. ಅವರ ಹೆಸರಿನಲ್ಲಿರುವ ನಾಲ್ಕು ಗಡಿಗೋಪುರಗಳು ಲಾಲ್‌ಬಾಗಿನ ಬಂಡೆಯ ಮೇಲೆ, ಕೆಂಪಾಂಬುಧಿ ಕೆರೆಯ ಬಳಿ, ಹಲಸೂರು ಕೆರೆಯ ಬಳಿ, ಮೇಖ್ರಿ ವೃತ್ತದ ಹತ್ತಿರ ಇನ್ನೂ ನಿಂತಿವೆ. ಊರು ನಾಲ್ಕನ್ನೂ ದಾಟಿತು, ಹೊರವರ್ತುಲ ರಸ್ತೆಯನ್ನೂ ದಾಟಿತು. ಈಗ ಉಪನಗರ ವರ್ತುಲ ರಸ್ತೆಯೆಂದು ದಾಬಸ್‌ಪೇಟೆ, ಮಾಗಡಿ, ರಾಮನಗರ, ಕನಕಪುರಗಳನ್ನು ಬಳಸಿ ಬರುತ್ತಿದೆ. 2025ರಲ್ಲಿ ನಮ್ಮ ಜಿಲ್ಲೆಯ ಹೆಸರೇ ಬೆಂಗಳೂರು ದಕ್ಷಿಣ ಎಂದಾಯಿತು. ಬೆಂಗಳೂರನ್ನು ಅರಿಯಬೇಕಾದರೆ ನಡುವೆ ಕೈವಾರ ಊರಿ ವೃತ್ತದ ಮೇಲೆ ವೃತ್ತ ಎಳೆದರೆ ಮುಕ್ಕಾಲು ಕೆಲಸ ಮುಗಿದಂತೆ.

ಅದೇ ಕೈವಾರವನ್ನು ಮಂಗಳೂರಿನ ಮೇಲೆ ಊರಿ ನೋಡಬೇಕೆನ್ನಿಸಿದ್ದು ಅಕ್ಕನ ಮಗಳು ಅಲ್ಲಿನ ಆಸ್ಪತ್ರೆಯೊಂದಕ್ಕೆ ನರ್ಸ್ ಆಗಿ ಹೋದಮೇಲೆ. ಮಗು ಇರುವ ಊರು ಎಂಥದ್ದು ಎಂದು ತಿಳಿಯುವ ಆಸೆ. ಒಂದು ಸೆಂಟಿಮೀಟರಿಗೆ ಎರಡೂವರೆ ಕಿಲೋಮೀಟರ್ ಅಳತೆಯ ಸರ್ವೆ ನಕ್ಷೆಯನ್ನು ಜಗಲಿಯ ಮೇಲೆ ಹರಡಿ, ನಾಲ್ಕು ಮೂಲೆಗೂ ಕಲ್ಲಿಟ್ಟು, ಹಂಪನಕಟ್ಟೆಯ ಮೇಲೆ ಕೈವಾರದ ಮುಳ್ಳು ಊರಿದೆ. ಎರಡು ಸೆಂಟಿಮೀಟರ್ ತೆರೆದರೆ 5 ಕಿಲೋಮೀಟರ್. ಕದ್ರಿ, ಬಿಜೈ, ಕಂಕನಾಡಿ, ಜೆಪ್ಪು, ಉರ್ವ, ಬೋಳೂರು ಎಲ್ಲ ಒಳಗೆ ಬಂದವು. ಪಡುವಲಿಗೆ ಮಾತ್ರ ಪೆನ್ಸಿಲ್ ಮೊದಲು ಹೊಳೆಯನ್ನು, ಆಮೇಲೆ ಬೆಂಗರೆಯ ಮರಳುಪಟ್ಟಿಯನ್ನು ದಾಟಿ ನೀಲಿಗೆ ಇಳಿಯಿತು. ನಾಲ್ಕು ಸೆಂಟಿಮೀಟರ್ ತೆರೆದೆ: 10 ಕಿಲೋಮೀಟರ್. ಪಣಂಬೂರಿನ ನವಮಂಗಳೂರು ಬಂದರು ಒಳಗೆ, ಉಳ್ಳಾಲ ಒಳಗೆ, ವಿಮಾನ ನಿಲ್ದಾಣ ಗೆರೆಯಿಂದ ತುಸು ಹೊರಗೆ. ವೃತ್ತದಲ್ಲಿ ಕಾಲುಭಾಗಕ್ಕಿಂತ ಹೆಚ್ಚು ನೀರು. 20 ಕಿಲೋಮೀಟರಿಗೆ ಹೋದರೆ ಐದರಲ್ಲಿ ಎರಡು ಪಾಲು, 50ಕ್ಕೆ ಹೋದರೆ ಹತ್ತಿರಹತ್ತಿರ ಅರ್ಧ ನೀರು. ವೃತ್ತ ಹಿಗ್ಗಿದಷ್ಟೂ ಊರಿನ ಪಾಲಿಗೆ ಅರ್ಧ ಮುರಿದ ರಾಗಿರೊಟ್ಟಿಯೇ ಉಳಿಯುತ್ತದೆ.

ಇದರ ಲೆಕ್ಕ ಸಣ್ಣದು, ಫಲ ದೊಡ್ಡದು. ಬಯಲಿನ ಊರಿಗೆ 10 ಕಿಲೋಮೀಟರ್ ತ್ರಿಜ್ಯದೊಳಗೆ 314 ಚದರ ಕಿಲೋಮೀಟರ್ ನೆಲ ಸಿಗುತ್ತದೆ. ದಡದ ಮೇಲೆ ಕೂತ ಊರಿಗೆ ಅಷ್ಟೇ ನೆಲ ಬೇಕಾದರೆ 14 ಕಿಲೋಮೀಟರ್ ಹೋಗಬೇಕು. ಪ್ರತಿಯೊಬ್ಬರೂ ಕೆಲಸಕ್ಕೆ, ಶಾಲೆಗೆ, ಸಂತೆಗೆ ಅಷ್ಟು ಹೆಚ್ಚು ದೂರ ನಡೆಯಬೇಕು. ಮಂಗಳೂರಿಗೆ ಇನ್ನೊಂದು ಬಿಗಿಯಿದೆ: ತೆಂಕಲಿಗೆ ನೇತ್ರಾವತಿ, ಬಡಗಲಿಗೆ ಗುರುಪುರ ಹೊಳೆ, ಎರಡೂ ಅಳಿವೆಬಾಗಿಲಲ್ಲಿ ಕೂಡಿ ಕಡಲು ಸೇರುತ್ತವೆ. ಹೀಗೆ ಮೂರು ಕಡೆ ನೀರು ಹಿಡಿದ ಊರು ದುಂಡಗೆ ಬೆಳೆಯುವುದು ಹೇಗೆ? ಅದು ದಡದ ಉದ್ದಕ್ಕೆ ಚಾಚಿಕೊಂಡಿತು, ಬಡಗಲಲ್ಲಿ ಸುರತ್ಕಲ್, ಮೂಲ್ಕಿಯ ಕಡೆಗೆ, ತೆಂಕಲಲ್ಲಿ ತೊಕ್ಕೊಟ್ಟು, ತಲಪಾಡಿಯ ಕಡೆಗೆ. ಊರಿನ ತೆಂಕು-ಬಡಗಿನ ಓಡಾಟದ ಬಹುಪಾಲನ್ನು ಹೆದ್ದಾರಿ 66 ಒಂದೇ ಹೊರುತ್ತಿರುವುದೂ, ಕೂಳೂರಿನ ಸೇತುವೆಯಲ್ಲೋ ನೇತ್ರಾವತಿ ಸೇತುವೆಯಲ್ಲೋ ಒಂದು ಲಾರಿ ಕೆಟ್ಟು ನಿಂತರೆ ಊರೇ ನಿಲ್ಲುವುದೂ ಇದರಿಂದಲೇ. ಅಲ್ಲಿನ ಟ್ರಾಫಿಕ್ಕನ್ನು ಬಯ್ಯುವವರು ಒಮ್ಮೆ ಈ ಅರ್ಧವೃತ್ತವನ್ನು ನೋಡಬೇಕು.

ವೃತ್ತದೊಳಗೆ ಇದ್ದದ್ದೆಲ್ಲ ಹತ್ತಿರವೆಂದು ತಿಳಿದರೆ ಕಡಲ ದಡದ ಊರು ಅರ್ಥವಾಗುವುದಿಲ್ಲ. ಬೆಂಗರೆಯ ವಿಷಯ ನನಗೆ ಹೇಳಿಕೊಟ್ಟವಳು ಅಕ್ಕನ ಮಗಳೇ.

"ಮಾವ, ನಮ್ಮ ಜೊತೆ ಕೆಲಸ ಮಾಡೋಳು ಒಬ್ಬಳು ಬೆಂಗರೆಯಿಂದ ಬರ್ತಾಳೆ. ದಕ್ಕೆಯಲ್ಲಿ ನಿಂತು ನೋಡಿದ್ರೆ ಅವರ ಮನೆ ಕಡೆಯ ತೆಂಗಿನಮರ ಕಾಣ್ತದೆ. ದೋಣಿ ಇದ್ರೆ ಗಳಿಗೆಯ ದಾರಿ. ಮಳೆಗಾಳಿಗೆ ದೋಣಿ ನಿಂತ್ರೆ ಅವಳು ಪಣಂಬೂರು ಸುತ್ತಿ ಬರಬೇಕು."

"ಹಂಗಾದ್ರೆ ಡ್ಯೂಟಿಗೆ ತಡ ಆಗಲ್ವೇನಮ್ಮ?"

"ಆಗ್ತದೆ. ಅದಕ್ಕೇ ಆಷಾಢದಲ್ಲಿ ಅವಳ ಬೆಳಗಿನ ಪಾಳಿ ನಾನು ತಗೊಳ್ತೀನಿ."

ನಕ್ಷೆಯ ಮೇಲೆ ಬೋಟು ಕಟ್ಟುವ ದಕ್ಕೆಗೂ ಬೆಂಗರೆಗೂ ನಡುವೆ ಪೆನ್ಸಿಲ್ ಮೊನೆಯಷ್ಟೇ ಜಾಗ. ನೆಲದ ಮೇಲೆ ಹೋದರೆ ಕೂಳೂರು ಸೇತುವೆ, ಪಣಂಬೂರು, ತಣ್ಣೀರುಬಾವಿ, ಆಮೇಲೆ ಮರಳುಪಟ್ಟಿಯ ಉದ್ದಕ್ಕೂ ಇಳಿದು ಬರಬೇಕು. ಬೆಂಗರೆಯ ಮಕ್ಕಳು ಶಾಲೆ ಕಾಲೇಜಿಗೆ ದೋಣಿಯಲ್ಲಿ ದಾಟುತ್ತಾರೆ. 1784ರಲ್ಲಿ ಟಿಪ್ಪು ಬೋಳೂರಿನ ಬಳಿ ಸುಲ್ತಾನ್ ಬತ್ತೇರಿ ಕಟ್ಟಿಸಿದ್ದು ಈ ಗುರುಪುರ ಹೊಳೆಯನ್ನು ಕಾಯಲು. ಹಡಗಿಗೆ ಬಾಗಿಲಾಗಿದ್ದ ನೀರೇ ಕಾಲ್ನಡಿಗೆಯವರಿಗೆ ಗೋಡೆ.

ನೀರಿನ ಮಾತು ಬಂತು. ಎರಡು ಹೊಳೆ, ಒಂದು ಕಡಲು, ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಗಿಲಾದ ಮಳೆ: ನಮ್ಮಲ್ಲಿ ಬೀಳುವುದರ ನಾಲ್ಕು ಪಟ್ಟು. ಇಷ್ಟಿದ್ದೂ ಮಂಗಳೂರಿನ ಕುಡಿಯುವ ನೀರು ಬರುವುದು 15 ಕಿಲೋಮೀಟರ್ ಮೂಡಲಿನ ತುಂಬೆಯಿಂದ. ಭರತದ ಹೊತ್ತಿಗೆ ಉಪ್ಪುನೀರು ಹೊಳೆಯ ಒಳಕ್ಕೆ ನುಗ್ಗುವುದರಿಂದ, ಉಪ್ಪು ಮುಟ್ಟದಷ್ಟು ಮೇಲಕ್ಕೆ ಹೋಗಿ ನೇತ್ರಾವತಿಗೆ ಕಿಂಡಿ ಅಣೆಕಟ್ಟು ಕಟ್ಟಿದರು. ಹೊಳೆ ಸೊರಗಿದ 2016ರ ಬೇಸಿಗೆಯಲ್ಲಿ, ಮತ್ತೆ 2019ರಲ್ಲಿ, ನಲ್ಲಿಯಲ್ಲಿ ಸರದಿಯಂತೆ ನೀರು ಬಿಡುವ ಕಾಲ ಬಂತು. ಅಲ್ಲಿ ನೀರಿಗೆ ಏನು ಕೊರತೆ ಎಂದು ಬಯಲುಸೀಮೆಯ ನಾವು ಸಲೀಸಾಗಿ ಹೇಳಿಬಿಡುತ್ತೇವೆ. ನೇತ್ರಾವತಿಯ ಮೇಲ್ದಂಡೆಯ ನೀರನ್ನು ಮೂಡಲಿಗೆ ತಿರುಗಿಸುವ ಯೋಜನೆಗೆ ಕರಾವಳಿ ಯಾಕೆ ಅಷ್ಟು ಕಳವಳಪಡುತ್ತದೆ ಎಂಬುದು ನನ್ನ ಮನಸ್ಸಿಗೆ ಇಳಿದದ್ದು ನಕ್ಷೆಯಲ್ಲಿ ತುಂಬೆಯನ್ನು ಹುಡುಕಿ ಕಂಡಮೇಲೆ. ಬಾಯಾರಿದ ಸೀಮೆಯವನಾಗಿಯೂ ಇದನ್ನು ಹೇಳಬೇಕು.

50 ಕಿಲೋಮೀಟರಿನ ವೃತ್ತ ಇನ್ನೊಂದು ಕತೆ. ಕಾರ್ಕಳ, ಪುತ್ತೂರು ಒಳಗೆ. ಉಡುಪಿ ಗೆರೆಯಾಚೆ, ಕೂದಲೆಳೆಯಷ್ಟು ದೂರದಲ್ಲಿ. ತೆಂಕಲಿಗೆ ಮಂಜೇಶ್ವರ, ಕುಂಬಳೆ, ಕಾಸರಗೋಡು ಮೂರೂ ಒಳಗೆ. ಆದರೆ ಹಂಪನಕಟ್ಟೆಯಿಂದ ಹಕ್ಕಿ ಹಾರಿದಂತೆ ಹನ್ನೆರಡು ಕಿಲೋಮೀಟರಿಗೆಲ್ಲ ತಲಪಾಡಿ, ಅಲ್ಲಿಗೆ ರಾಜ್ಯ ಮುಗಿಯುತ್ತದೆ. ಮಂಜೇಶ್ವರದ ಕನ್ನಡ ಮನೆಗಳಿಗೆ ದೊಡ್ಡಾಸ್ಪತ್ರೆಯೆಂದರೆ, ಕಾಲೇಜೆಂದರೆ, ಮದುವೆಯ ಜವಳಿಯೆಂದರೆ ಮಂಗಳೂರು. ಅವರ ದಿನನಿತ್ಯವೆಲ್ಲ ಈ ವೃತ್ತದೊಳಗೆ, ಪಡಿತರ ಚೀಟಿ ಮಾತ್ರ ಇನ್ನೊಂದು ರಾಜ್ಯದ್ದು. 2020ರ ಮಾರ್ಚಿನಲ್ಲಿ ಕೊರೊನಾ ಬಂದಾಗ ಕರ್ನಾಟಕ ಗಡಿ ಮುಚ್ಚಿತು, ರಸ್ತೆಗಳಿಗೆ ಮಣ್ಣು ಸುರಿಸಿತು. ಆಂಬುಲೆನ್ಸುಗಳು ತಲಪಾಡಿಯಿಂದ ಹಿಂದಕ್ಕೆ ಹೋದವು, ಹೊತ್ತಿಗೆ ಚಿಕಿತ್ಸೆ ಸಿಗದೆ ಜನ ತೀರಿಕೊಂಡ ಸುದ್ದಿಗಳು ಬಂದವು, ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ರೋಗಕ್ಕೆ ಹೆದರಿದ್ದು ನಿಜ, ಆದರೆ ಒಂದು ಊರಿನ ವೃತ್ತವನ್ನು ಹಾಗೆ ಕತ್ತರಿಸಬಾರದಿತ್ತು. ಅರ್ಧ ವೃತ್ತವನ್ನು ಕಡಲು ಮೊದಲೇ ತೆಗೆದುಕೊಂಡಿರುವ ಊರಿನಲ್ಲಿ ಉಳಿದ ಅರ್ಧದ ಒಂದೊಂದು ಚೂರಿಗೂ ಬೆಲೆ ಹೆಚ್ಚು.

ಇಷ್ಟಾದರೂ ನೀಲಿಯ ಅರ್ಧವನ್ನು ನಾನು ಕಳೆದುಹೋದ ಲೆಕ್ಕಕ್ಕೇ ಹಾಕುತ್ತಿದ್ದೆ. ಆ ಎಣಿಕೆಯನ್ನು ತಿದ್ದಿದ್ದು ಎಲ್ಲಕ್ಕಿಂತ ದೊಡ್ಡ ವೃತ್ತ. ಮಂಗಳೂರಿನಿಂದ ಮಾಗಡಿ ಸರಿಸುಮಾರು ನೇರ ಮೂಡಲಿಗಿದೆ, ಹಕ್ಕಿಯ ದಾರಿಯಲ್ಲಿ 260 ಕಿಲೋಮೀಟರಿನ ಆಸುಪಾಸು. ಕೈವಾರಕ್ಕೆ ಅಷ್ಟು ಎಟುಕುವುದಿಲ್ಲವಾಗಿ ಗೋಡೆಯ ಭಾರತ ನಕ್ಷೆಯನ್ನು ಇಳಿಸಿ, ಗುಂಡುಪಿನ್ನಿಗೆ ನೂಲು ಕಟ್ಟಿ, ಮಾಗಡಿಯಿಂದ ಹೊರಟು ಸುತ್ತ ಎಳೆದುಕೊಂಡು ಬಂದೆ. ಪಡುವಲಲ್ಲಿ ಬರಿ ನೀರೇ ಇರಬೇಕಾದ ಕಡೆ ಪೆನ್ಸಿಲ್ ಎರಡು ಚುಕ್ಕಿಗಳ ನಡುವೆ ಹಾದುಹೋಯಿತು: ಒಳಗೆ ಕಿಲ್ತಾನ್, ಹೊರಗೆ ಚೆಟ್ಲಾತ್. ಲಕ್ಷದ್ವೀಪ! ಕೆಂಪಾಪುರದ ನಾವೂ ಚೆಟ್ಲಾತಿನ ಮೀನುಗಾರರೂ ಮಂಗಳೂರಿಗೆ ಒಂದೇ ದೂರದವರು.

ಆಮೇಲೆ ಹುಡುಕಿ ಓದಿದಾಗ ತಿಳಿಯಿತು, ಅವರು ನಮಗಿಂತ ಹಳೆಯ ಮಂಗಳೂರಿನವರು. ಕಿಲ್ತಾನ್, ಚೆಟ್ಲಾತ್, ಅಮಿನಿ, ಕಡಮತ್, ಬಿತ್ರಾ ಎಂಬ ಐದು ದ್ವೀಪಗಳಿಗೆ ಅಮಿನದಿವಿ ಎಂದು ಹೆಸರು. ಕಣ್ಣೂರಿನ ಅರಕ್ಕಲ್ ಮನೆತನದ ಆಳ್ವಿಕೆಗೆ ಬೇಸತ್ತ ದ್ವೀಪದವರು ಮಂಗಳೂರಿಗೆ ಬಂದು ಟಿಪ್ಪುವಿನ ಆಶ್ರಯ ಕೇಳಿದರು. 1799ರ ಮೇಲೆ ದ್ವೀಪಗಳು ಈಸ್ಟ್ ಇಂಡಿಯಾ ಕಂಪನಿಗೆ ಹೋದವು, ಮಂಗಳೂರಿನ ಕಲೆಕ್ಟರರ ಕೈಕೆಳಗೆ ಉಳಿದವು. ದ್ವೀಪದ ಓಡಗಳು ತೆಂಗಿನನಾರಿನ ಹುರಿ ಹೊತ್ತು ಬರುತ್ತಿದ್ದವು. ಅದನ್ನು ಸರ್ಕಾರವೇ ಕೊಂಡು ಅಕ್ಕಿ ಕೊಡುತ್ತಿತ್ತು. ತೆಂಗು ಮೀನು ಬಿಟ್ಟರೆ ಹೆಚ್ಚೇನೂ ಬೆಳೆಯದ ಆ ಜನ ಉಂಡ ಅನ್ನ ಮಂಗಳೂರಿನ ಬಂದರಿನಿಂದ ಹೋದದ್ದು. ಇಂದಿಗೂ ಹಳೆ ಬಂದರಿನಿಂದ ಮಂಜಿ ಎಂಬ ಸರಕುದೋಣಿಗಳು ತರಕಾರಿ, ಸಿಮೆಂಟು, ಜಲ್ಲಿ ಹೇರಿಕೊಂಡು ಅತ್ತ ಹೋಗುತ್ತವೆ. ಆ ನೀರದಾರಿ ದ್ವೀಪಕ್ಕಷ್ಟೇ ಅಲ್ಲ: 1860ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದಾಗಲೂ ಮಣ್ಣು ಹೊಳೆಯದು, ಹೆಂಚು ಹೋಗುವ ದಾರಿ ಕಡಲಿನದು.

1956ರ ನವೆಂಬರ್ 1 ನಮಗೆ ಹಬ್ಬದ ದಿನ. ನನಗೂ ಹಬ್ಬವೇ. ಆದರೆ ಈ ನಕ್ಷೆಯನ್ನಿಟ್ಟುಕೊಂಡು ನೋಡಿದರೆ ಅದೇ ಒಂದು ದಿನ ಮಂಗಳೂರಿನ ವೃತ್ತಕ್ಕೆ ಮೂರು ಕಡೆ ಕತ್ತರಿ ಬಿತ್ತು, ಅಥವಾ ಹೊಲಿಗೆ ಬಿತ್ತು. ದಕ್ಷಿಣ ಕನ್ನಡ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರನ್ನು ಸೇರಿತು. ಕಾಸರಗೋಡು ಕೇರಳಕ್ಕೆ ಹೋಯಿತು. ಅಮಿನದಿವಿ ದ್ವೀಪಗಳು ಕೇಂದ್ರಾಡಳಿತಕ್ಕೆ ಹೋದವು. ಮೂಡಲು ಕೂಡಿತು, ತೆಂಕಲೂ ಪಡುವಲೂ ಕಳಚಿದವು. ಕಾಸರಗೋಡಿಗಾಗಿ ಕನ್ನಡಿಗರು ಹೋರಾಡಿದರು, ಇಂದಿಗೂ ಅದರ ನೋವು ಆರಿಲ್ಲ. ದ್ವೀಪಗಳು ಹೋದದ್ದನ್ನು ನಮ್ಮಲ್ಲಿ ಯಾರಾದರೂ ನೆನೆಯುವುದನ್ನು ನಾನು ಕೇಳಿಲ್ಲ. ಅಲ್ಲಿನವರ ನುಡಿ ಮಲಯಾಳ ಬೇರಿನದು, ಅವರು ನಮ್ಮವರೆಂದು ಹಕ್ಕು ಸಾಧಿಸಬೇಕೆಂದು ನನ್ನ ಮಾತಿಲ್ಲ. ನೂರೈವತ್ತು ವರ್ಷಕ್ಕೂ ಮಿಗಿಲಾಗಿ ಮಂಗಳೂರಿನ ಅನ್ನ ಉಂಡವರನ್ನು ನಾವು ಮರೆತೇಬಿಟ್ಟೆವಲ್ಲ ಎಂಬುದೇ ನನ್ನ ಸಂಕಟ.

ಹೊಸದಾಗಿ ಕೂಡಿದ ಮೂಡಲೂ ಸಲೀಸಾಗಿ ಕೂಡಲಿಲ್ಲ. ನಡುವೆ ಘಟ್ಟ. ನಮ್ಮಿಂದ ಕುಣಿಗಲ್, ಹಾಸನ, ಸಕಲೇಶಪುರ, ಶಿರಾಡಿ ಹಿಡಿದು ಹೋದರೆ 260 ಎಂಬುದು ಮುನ್ನೂರು ದಾಟುತ್ತದೆ. ಮಳೆಗಾಲದಲ್ಲಿ ಶಿರಾಡಿ ಕುಸಿದರೆ ಇನ್ನಷ್ಟು. ರೈಲು 1979ರಲ್ಲಿ ಬಂತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ ಸುಮಾರು 55 ಕಿಲೋಮೀಟರಿಗೆ 57 ಸುರಂಗ ಕೊರೆಯಬೇಕಾಯಿತು. ಪಣಂಬೂರಿನ ಬಂದರು 1974ರಲ್ಲಿ ಪ್ರಮುಖ ಬಂದರೆನಿಸಿತು. ಅಲ್ಲಿಗೆ ಹಡಗಿನಲ್ಲಿ ಬರುವ ಕಚ್ಚಾ ಎಣ್ಣೆ ಸಂಸ್ಕರಣೆಯಾಗಿ, ಹಾಸನದ ಮೇಲೆ ಬೆಂಗಳೂರಿಗೆ 360 ಕಿಲೋಮೀಟರ್ ಮೀರಿದ ಕೊಳವೆಯಲ್ಲಿ ನೆಲದಡಿ ಹರಿಯುತ್ತದೆ. ಬೆಂಗಳೂರಿನ ಸುತ್ತ ಓಡುವ ಬಸ್ಸು, ಟ್ರ್ಯಾಕ್ಟರುಗಳ ಡೀಸೆಲ್ಲಿಗೆ ಆ ನೀಲಿ ಅರ್ಧದ ಋಣವಿದೆ.

ಆ ಅರ್ಧಕ್ಕೆ ತನ್ನದೇ ಗೆರೆಗಳೂ ಇವೆ. ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್‌ವರೆಗೆ ಮೀನುಗಾರಿಕೆಯ ಆಡಳಿತ ರಾಜ್ಯದ್ದು. ಆಳಸಮುದ್ರದ ಬೋಟುಗಳು ಐಸು, ಅಕ್ಕಿ, ಡೀಸೆಲ್ ತುಂಬಿಕೊಂಡು ಅದನ್ನು ದಾಟಿ ದಿನಗಟ್ಟಲೆ ಹೋಗುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಮೀನು ಮರಿ ಮಾಡುವ ಕಾಲವೆಂದು ಯಾಂತ್ರಿಕ ಬೋಟುಗಳಿಗೆ ರಜೆ. ಆಗ ದಕ್ಕೆಯಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿ ನಿಲ್ಲುತ್ತವೆ. ಹೊರರಾಜ್ಯದ ಕೆಲಸಗಾರರು ಊರಿಗೆ ಹೋಗುತ್ತಾರೆ, ಬಲೆ ಹೆಣೆಯುವವರಿಗೆ ಕೈತುಂಬ ಕೆಲಸ, ಬಂಗುಡೆಯ ಬೆಲೆ ಏರುತ್ತದೆ. ಊರಿನ ನಾಡಿ ನೀರಿನ ಕಡೆಯಿಂದ ಮಿಡಿಯುವುದು ಆ ಎರಡು ತಿಂಗಳಲ್ಲಿ ಸ್ಪಷ್ಟವಾಗಿ ತಿಳಿಯುತ್ತದೆ ಎಂದು ಅಕ್ಕನ ಮಗಳು ಬರೆಯುತ್ತಾಳೆ.

ನಮ್ಮ ಶಾಲೆಗಳ ಗೋಡೆಯ ಕರ್ನಾಟಕ ನಕ್ಷೆಯಲ್ಲಿ ಇದಾವುದೂ ಇಲ್ಲ. ರಾಜ್ಯ ಪಡುವಲಲ್ಲಿ ಮುಗಿಯುವುದು 74 ಡಿಗ್ರಿ ರೇಖಾಂಶದ ಹತ್ತಿರ. ಅದನ್ನು ದಾಟಿ ಒಂದು ಬೆರಳಗಲ ನೀಲಿ ಬಳಿದು, ಅರಬ್ಬಿ ಸಮುದ್ರ ಎಂದು ಉದ್ದುದ್ದ ಬರೆದು ಚೌಕಟ್ಟು ಹಾಕುತ್ತಾರೆ. ಪಡುವಲಿಗೆ ಎರಡು ಡಿಗ್ರಿ, ತೆಂಕಲಿಗೆ ಒಂದಿಷ್ಟು ಕಾಗದ ಹೆಚ್ಚು ಬಿಟ್ಟು ಮುದ್ರಿಸಿದರೆ ಐದೂ ದ್ವೀಪಗಳು ಒಳಗೆ ಬರುತ್ತವೆ. ಹಳೆ ಬಂದರಿನಿಂದ ಮಂಜಿಗಳು ಹೋಗುವ ದಾರಿಯನ್ನು ಚುಕ್ಕಿಗೆರೆಯಲ್ಲಿ ಹಾಕಬಹುದು, 22 ಕಿಲೋಮೀಟರಿನ ಗೆರೆಯನ್ನು ಹಾಕಬಹುದು, ತುಂಬೆಯನ್ನು ಗುರುತಿಸಬಹುದು. ನಕ್ಷೆ ಮುದ್ರಿಸುವವರಿಗೂ ಶಾಲಾ ಇಲಾಖೆಗೂ ನಾನು ಕೇಳಿಕೊಳ್ಳುವುದು ಅಷ್ಟು ಕಾಗದವನ್ನು.