ಬೀಗದಕೈ

ದೊಡ್ಡಬಳ್ಳಾಪುರದಲ್ಲಿ ನಮ್ಮ ದೊಡ್ಡಮ್ಮನಿಗೊಂದು ಹಳೆಯ ತೊಟ್ಟಿಮನೆಯಿತ್ತು. ಮಕ್ಕಳಿಲ್ಲದ ದೊಡ್ಡಮ್ಮ ಹಾಸಿಗೆ ಹಿಡಿದಾಗ ನೆಂಟರಿಷ್ಟರೆಲ್ಲ ಸರದಿಯಂತೆ ಹೋಗಿ ಬರುತ್ತಿದ್ದೆವು. ಒಂದು ಮಧ್ಯಾಹ್ನ ಅವರು ದಿಂಬಿನಡಿಯ ಬೀಗದಕೈ ಗೊಂಚಲು ಮುಟ್ಟಿಕೊಂಡು, "ನೀವೆಲ್ಲ ಬರೋದು ನನ್ನ ನೋಡೋಕೋ, ಇದನ್ನ ನೋಡೋಕೋ?" ಎಂದು ನಕ್ಕರು. ನಾನೂ ನಕ್ಕುಬಿಟ್ಟೆ. ಆ ನಗುವಿಗೆ ಈಗಲೂ ನಾಚಿಕೆಯಾಗುತ್ತದೆ.

ಬೆಂಗಳೂರು ದಾಟಿ ಕನಕಪುರದ ಬಸ್ಸಿನಲ್ಲಿ ಹೋಗುವಾಗ ತಾತಗುಣಿ ಬಂತೆಂದರೆ ನನಗೆ ಆ ಮಾತೇ ನೆನಪು. ಅಲ್ಲಿಯ ತೋಟದ ಮನೆಯಲ್ಲಿ ಬಾಳಿದವರು ದೇವಿಕಾರಾಣಿ ಮತ್ತು ಅವರ ಪತಿ, ರಷ್ಯಾದಲ್ಲಿ ಹುಟ್ಟಿದ ಚಿತ್ರಕಾರ ಸ್ವೆತೋಸ್ಲಾವ್ ರೋರಿಕ್. ಅವರಿಗೂ ಮಕ್ಕಳಿರಲಿಲ್ಲ.

ನಮ್ಮ ಅಮ್ಮನ ಕಾಲದವರಿಗೆ ದೇವಿಕಾರಾಣಿ ಎಂದರೆ 1936ರ 'ಅಛೂತ್ ಕನ್ಯಾ'ದ ನಾಯಕಿ. ಅದಕ್ಕೆ ಎರಡು ವರ್ಷ ಮೊದಲು ಹಿಮಾಂಶು ರಾಯ್ ಅವರೊಂದಿಗೆ ಬಾಂಬೆ ಟಾಕೀಸ್ ಕಟ್ಟಿದ್ದವರು. 1940ರಲ್ಲಿ ಅವರು ತೀರಿಕೊಂಡ ಮೇಲೆ ಸ್ಟುಡಿಯೋದ ಭಾರ ಹೊತ್ತವರು. 1945ರಲ್ಲಿ ರೋರಿಕ್‌ರನ್ನು ಮದುವೆಯಾಗಿ ಸಿನಿಮಾ ಬಿಟ್ಟರು. ಕುಲು ಕಣಿವೆಯಲ್ಲಿ ಕೆಲಕಾಲವಿದ್ದು, ಆಮೇಲೆ ಇಲ್ಲಿಗೆ ಬಂದು ನೆಲೆಸಿದರು.

ತೋಟವೆಂದರೆ ನಮ್ಮ ಕಡೆಯ ತೆಂಗು, ಮಾವು ಅಲ್ಲ, ಲಿನಾಲೋ. ಮೆಕ್ಸಿಕೋ ಮೂಲದ ಮರ. ಅದರ ಕಾಯಿಯ ಸಿಪ್ಪೆಯನ್ನು ಬಟ್ಟಿ ಇಳಿಸಿದರೆ ಬರುವ ಘಮಘಮ ಎಣ್ಣೆ ಸುಗಂಧದ್ರವ್ಯಗಳಿಗೆ ಬೇಕು. ಬೆಳ್ಳಿತೆರೆಯ ರಾಣಿ ಕಡೆಗೆ ಪರಿಮಳದ ತೋಟದೊಡತಿಯಾದರು ಎನ್ನುವುದು ಕಥೆಯಂತೆಯೇ ಇದೆ, ಅಲ್ಲವೇ? 1969ರ ಫಾಲ್ಕೆ ಪ್ರಶಸ್ತಿ, ಅದರ ಮೊದಲ ಪ್ರಶಸ್ತಿ, ಅವರಿಗೇ ಬಂತು.

1993ರ ಜನವರಿಯಲ್ಲಿ ರೋರಿಕ್ ಹೋದರು. ಮರುವರ್ಷ ಮಾರ್ಚಿನಲ್ಲಿ ದೇವಿಕಾರಾಣಿ. ಆಮೇಲೆ ಆ ಮನೆಯ ಚರಿತ್ರೆಯೆಲ್ಲ ಕಾಗದಪತ್ರದ ಚರಿತ್ರೆ. ಎಸ್ಟೇಟನ್ನು ವಶಕ್ಕೆ ತೆಗೆದುಕೊಳ್ಳಲು ರಾಜ್ಯ ಸರ್ಕಾರ 1996ರಲ್ಲಿ ಒಂದು ಕಾಯಿದೆಯನ್ನೇ ತಂದಿತು. ತಕರಾರು ಸುಪ್ರೀಂ ಕೋರ್ಟಿನವರೆಗೂ ಹೋಗಿ, 2011ರ ಆಗಸ್ಟಿನಲ್ಲಿ ಕಾಯಿದೆ ಊರ್ಜಿತವಾಯಿತು.

ನಾಲ್ಕುನೂರ ಅರವತ್ತೆಂಟು ಎಕರೆ ಎಂಬ ಲೆಕ್ಕ ಬಲ್ಲವರು ಬಹಳ ಮಂದಿ. ಆದರೆ ಆಕೆ ಸಂಜೆ ಯಾವ ಕಿಟಕಿಯ ಬಳಿ ಕೂರುತ್ತಿದ್ದರು, ಯಾವ ಮರ ಮೊದಲು ಕಾಯಿ ಬಿಟ್ಟಾಗ ಯಾರನ್ನು ಕೂಗಿ ತೋರಿಸಿದರು? ಯಾವ ಕಾಯಿದೆಯೂ ಇದನ್ನು ಕೇಳುವುದಿಲ್ಲ. ಕೇಳುವುದು ಅದರ ಕೆಲಸವೂ ಅಲ್ಲ. ಅದು ನಮ್ಮಂಥವರ ಕೆಲಸ. ನಾವು ಮಾಡುವುದಿಲ್ಲ, ಅಷ್ಟೆ.

ತಾತಗುಣಿಯ ತೋಟವಾದರೂ ಹಂಚಿಹೋಗದೆ ಉಳಿಯಿತು. ದೊಡ್ಡಮ್ಮನ ಮನೆ ಪಾಲಾಗಿ, ಮಾರಾಟವಾಗಿ, ನೆಲಸಮವಾಯಿತು. ನನ್ನ ಪಾಲಿಗೆ ಒಂದು ಹಿತ್ತಾಳೆ ಚೊಂಬು, ಗೊಂಚಲಿನಿಂದ ಕಳಚಿಬಿದ್ದ ಒಂದು ಬೀಗದಕೈ. ಅದು ಯಾವ ಪೆಟ್ಟಿಗೆಯದು, ಅದರಲ್ಲಿ ದೊಡ್ಡಮ್ಮ ಏನಿಟ್ಟಿದ್ದರು? ಅವರಿದ್ದಾಗಲೇ ಕೇಳಬಹುದಿತ್ತು. ಆಗ ನಾವೆಲ್ಲ ಮನೆಪತ್ರ ಎಲ್ಲಿದೆ ಎಂದು ಕೇಳುತ್ತಿದ್ದೆವು.